ಅಸಲಿನ ಋಣ

ಅರಬಿ-ಪಾರಸಿಗಳ ದಾರಿಯಿಂದ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡ ಮಾತುಗಳಲ್ಲಿ ‘ಅಸಲು’, ‘ನಕಲು’ ಎಂಬ ಜೋಡಿಯೂ ಒಂದು. ಸಾಲ ಕೊಟ್ಟವನಿಗೆ ಅಸಲು ಬೇಕು. ತಾಲೂಕು ಕಚೇರಿಗೆ ಹೋದವನಿಗೆ ನಕಲು ಬೇಕು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನನ್ನು ಹೊರಗೆ ಕಳಿಸುತ್ತಾರೆ. ಅದೇ ಹುಡುಗನ ಅಂಕಪಟ್ಟಿ ಮುಂದೊಂದು ದಿನ ಕಳೆದುಹೋದರೆ ಅದರ ನಕಲಿಗೆ ಅರ್ಜಿ ಹಾಕು ಎನ್ನುತ್ತಾರೆ. ಒಂದೇ ಮಾತು ಒಂದು ಕಡೆ ಅಪರಾಧ, ಇನ್ನೊಂದು ಕಡೆ ದಾಖಲೆ.

ಮೂಲದಲ್ಲಿ ಈ ಎರಡು ಮಾತುಗಳಿಗೆ ಪರಸ್ಪರ ಹಗೆತನವಿಲ್ಲ. ಅರಬಿಯಲ್ಲಿ ‘ಅಸ್ಲ್’ ಎಂದರೆ ಬೇರು, ಬುಡ. ‘ನಕ್ಲ್’ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಹಿರಿಯರಿಂದ ಕೇಳಿದ ಮಾತನ್ನು ಕೆಡದಂತೆ ಕಿರಿಯರಿಗೆ ದಾಟಿಸುವುದಕ್ಕೂ ಅದೇ ಹೆಸರು. ಹಾಗೆ ದಾಟಿಸುವವನು ತಾನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಸರಪಳಿಯನ್ನೂ ಜೊತೆಗೇ ಹೇಳಬೇಕು. ಆ ಸರಪಳಿಗೆ ‘ಸನದು’ ಎನ್ನುತ್ತಾರೆ. ಈ ಮಾತೂ ನಮ್ಮ ಕನ್ನಡದಲ್ಲಿ ಇದೆ. ಸನದು ಇರುವ ನಕಲು ವಿದ್ಯೆಯಾಗುತ್ತದೆ. ಸನದು ಕಳಚಿಬಿದ್ದ ನಕಲು ‘ನಕಲಿ’ಯಾಗುತ್ತದೆ. ಕನ್ನಡದಲ್ಲಿ ಒಂದೇ ಒಂದು ಗುಣಿತಾಕ್ಷರದ ಅಂತರ.

ಈ ಹಳೆಯ ಜೋಡಿಯನ್ನು ನಾವು ಇಲ್ಲಿ ನೆನೆಯುತ್ತಿರುವುದು ಧರ್ಮಶಾಸ್ತ್ರದ ಚರ್ಚೆಗಲ್ಲ, ಒಂದು ವಾದ್ಯದ ಸಲುವಾಗಿ. ಬೇಸ್ ಗಿಟಾರ್ ನುಡಿಸುವವರ ನಡುವೆ ಕಳೆದ ಎರಡು ಮೂರು ದಶಕಗಳಿಂದ ಒಂದು ವಾದ ನಡೆಯುತ್ತಲೇ ಇದೆ. ಹಳೆಯ ಆಂಪ್ಲಿಫೈಯರುಗಳ ದನಿಯನ್ನು ಲೆಕ್ಕಾಚಾರದಿಂದ ಮರುಹುಟ್ಟಿಸುವ ಡಿಜಿಟಲ್ ಪೆಟ್ಟಿಗೆಗಳು ಬಂದಿವೆ. ಮಾಡೆಲರ್ ಎಂದು ಅವುಗಳ ಹೆಸರು. ಅವುಗಳಿಂದ ಹೊರಡುವ ದನಿ ಅಸಲೇ, ನಕಲೇ? ನಕಲಾದರೆ ಅದರಲ್ಲಿ ತಪ್ಪೇನು? ತಪ್ಪಿಲ್ಲವಾದರೆ ಅಸಲನ್ನು ಮಾಡಿದವನಿಗೆ ನಮ್ಮ ಋಣವೇನು? ಮೇಲ್ನೋಟಕ್ಕೆ ಇದು ಸಂಗೀತಗಾರರ ಮನೆಮಾತು. ಆದರೆ ಕೊನೆಯ ಪ್ರಶ್ನೆ ಈ ಕಾಲದಲ್ಲಿ ಕೈಯಿಂದ ಕೆಲಸ ಮಾಡುವ, ಗಂಟಲಿನಿಂದ ಹಾಡುವ ಎಲ್ಲರ ಮನೆಬಾಗಿಲಿಗೂ ಬಂದು ನಿಂತಿದೆ.

ಮೊದಲು ವಾದ್ಯದ ವಿಷಯ. ಸಿನಿಮಾ ಹಾಡು ಕೇಳುವ ನಮ್ಮಲ್ಲಿ ಬಹಳ ಮಂದಿಗೆ ಬೇಸ್ ಗಿಟಾರ್ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಇಳೆಯರಾಜಾ ಸಂಗೀತ ನೀಡಿದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಇನ್ನೊಮ್ಮೆ ಕೇಳಿ. ಗಾಯಕರ ದನಿಯ ಅಡಿಯಲ್ಲಿ ಮೆಲ್ಲಗೆ ನಡೆದಾಡುವ ಮಂದ್ರ ಸ್ವರವೇ ಅದು. ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕೇಳುವವರು ಅದನ್ನು ಗುರುತಿಸುವುದು ಕಡಿಮೆ, ಆದರೆ ಅದು ನಿಂತರೆ ಹಾಡು ನೆಲ ಬಿಟ್ಟಂತಾಗುತ್ತದೆ.

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಅವರು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ವಾದ್ಯದ ಮರಕ್ಕೆ ಸ್ವಂತ ದನಿ ಅಷ್ಟಕ್ಕಷ್ಟೆ. ತಂತಿಯ ಕಂಪನ ಅಯಸ್ಕಾಂತದ ಮೂಲಕ ಸಣ್ಣ ವಿದ್ಯುತ್ತಾಗಿ ಹೊರಬರುತ್ತದೆ. ಆಂಪ್ಲಿಫೈಯರ್ ಅದನ್ನು ಬೆಳೆಸಿ ಸ್ಪೀಕರಿಗೆ ಕೊಟ್ಟಾಗಲೇ ನಾಲ್ಕು ಜನಕ್ಕೆ ಕೇಳುವುದು. ಹಾಗಾಗಿ ಬೇಸ್‌ನ ದನಿ ಎಂದರೆ ಅರ್ಧ ವಾದ್ಯದ್ದು, ಅರ್ಧ ಆಂಪಿನದು.

ಈ ಅರ್ಧ ದನಿಯನ್ನು ರೂಪಿಸಿದವರಲ್ಲಿ ನ್ಯೂಯಾರ್ಕಿನ ಎವೆರೆಟ್ ಹಲ್ ಪ್ರಮುಖರು. ಅವರು ನಿಂತು ನುಡಿಸುವ ದೊಡ್ಡ ಬೇಸ್ ವಾದಕರು. ಆ ವಾದ್ಯವನ್ನು ನೆಲಕ್ಕೆ ಊರುವ ಗೂಟದೊಳಗೆ ಮೈಕು ಸೇರಿಸಿದ್ದರಿಂದ ‘ಆಂಪ್ಲಿಫೈಡ್ ಪೆಗ್’ ಎಂಬ ಹೆಸರು ಬಂತು, ಅದೇ ‘ಆಂಪೆಗ್’ ಆಯಿತು. 1960ರಲ್ಲಿ ಬಂದ ಆ ಕಂಪೆನಿಯ ಬಿ-15 ಎಂಬ ವಾಲ್ವ್ ಆಂಪ್ ಸ್ಟುಡಿಯೋಗಳ ಅಚ್ಚುಮೆಚ್ಚಾಯಿತು. ದೊಡ್ಡ ಮೈದಾನಗಳಿಗಾಗಿ 1969ರಲ್ಲಿ 300 ವಾಟಿನ ಎಸ್‌ವಿಟಿ ಬಂತು. ನಮ್ಮಲ್ಲಿ ವಾಲ್ವ್ ರೇಡಿಯೋ ನೋಡಿದ ಹಿರಿಯರು ಇನ್ನೂ ಇದ್ದಾರೆ. ಅಂಥ ಹದಿನಾಲ್ಕು ವಾಲ್ವುಗಳು ಒಂದೇ ಪೆಟ್ಟಿಗೆಯಲ್ಲಿ ಉರಿಯುವುದನ್ನು ಊಹಿಸಿಕೊಳ್ಳಿ. ಆ ಪೆಟ್ಟಿಗೆಯೊಂದೇ 35 ಕಿಲೋ ಮೀರುತ್ತಿತ್ತು. ಅದರ ಕೆಳಗಿನ ಎಂಟು ಸ್ಪೀಕರಿನ ಕ್ಯಾಬಿನೆಟ್ 60 ಕಿಲೋಗೂ ಹೆಚ್ಚು. ವೇದಿಕೆಯ ಮೇಲೆ ನಿಂತವನ ಹೆಸರು ಪೋಸ್ಟರಿನಲ್ಲಿ ಬರುತ್ತಿತ್ತು. ಅದನ್ನು ಮೆಟ್ಟಿಲು ಹತ್ತಿಸಿದ ಹಮಾಲಿಯ ಹೆಸರು ಯಾರಿಗೂ ಬೇಕಿರಲಿಲ್ಲ.

ಆ ಭಾರವನ್ನು ಇಳಿಸುವ ಯೋಚನೆ ಕ್ರಮೇಣ ಬಂತು. 1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ ಅವರ ಟೆಕ್ 21 ಸಂಸ್ಥೆ ‘ಸ್ಯಾನ್ಸ್‌ಆಂಪ್’ ಎಂಬ ಪುಟ್ಟ ಪೆಡಲನ್ನು ತಂದಿತು. ‘ಸ್ಯಾನ್ಸ್’ ಎಂದರೆ ಫ್ರೆಂಚಿನಲ್ಲಿ ‘ಇಲ್ಲದೆ’. ಆಂಪ್ ಇಲ್ಲದೆ ಆಂಪಿನ ದನಿ. ಅದು ಡಿಜಿಟಲ್ ಆಗಿರಲಿಲ್ಲ, ಆದರೆ ಆಲೋಚನೆ ಅದೇ. 1998ರಲ್ಲಿ ಲೈನ್ 6 ಕಂಪೆನಿಯ ‘ಪಾಡ್’ ಎಂಬ ಹುರುಳಿಕಾಳಿನ ಆಕಾರದ ಕೆಂಪು ಪೆಟ್ಟಿಗೆ ಬಂತು, ಬೇಸ್ ವಾದಕರಿಗೆ ಪ್ರತ್ಯೇಕ ಪಾಡ್ ಕೂಡ ಹಿಂದೆಯೇ ಬಂತು. 2011ರಲ್ಲಿ ಜರ್ಮನಿಯ ಕ್ರಿಸ್ಟಾಫ್ ಕೆಂಪರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಯಂತ್ರ ಕಾರ್ಖಾನೆಯವರು ತುಂಬಿಕೊಟ್ಟ ನಕಲುಗಳಿಗೆ ಸೀಮಿತವಾಗಲಿಲ್ಲ. ನಿಮ್ಮ ಮುಂದಿರುವ ಯಾವುದೇ ಆಂಪಿಗೆ ಕೆಲವು ಪರೀಕ್ಷಾ ಸದ್ದುಗಳನ್ನು ಕಳಿಸಿ, ಅದು ಕೊಡುವ ಉತ್ತರ ಕೇಳಿ, ಅದರ ಗುಣವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಈಗಿನವು ಕೃತಕ ಬುದ್ಧಿಮತ್ತೆಯಿಂದ ಕಲಿಯುವ ಯಂತ್ರಗಳು. ಕೆಲಸ ನಡೆಯುವ ಬಗೆ ಸರಳ. ಒಂದೇ ಧ್ವನಿಮುದ್ರಣವನ್ನು ಅಸಲು ಆಂಪಿಗೂ ಕಲಿಯುತ್ತಿರುವ ಪ್ರೋಗ್ರಾಮಿಗೂ ಕೊಡುತ್ತಾರೆ. ಎರಡರ ಉತ್ತರವನ್ನೂ ಹೋಲಿಸಿ, ವ್ಯತ್ಯಾಸವನ್ನು ಲೆಕ್ಕ ಹಾಕಿ, ಆ ವ್ಯತ್ಯಾಸ ಕಡಿಮೆಯಾಗುವಂತೆ ಪ್ರೋಗ್ರಾಮನ್ನು ತಿದ್ದುತ್ತಾರೆ. ಹೀಗೆ ಸಾವಿರಾರು ಸಲ. ಮದರಸಾದಲ್ಲಿ ಉಸ್ತಾದರು ಹುಡುಗನ ಉಚ್ಚಾರವನ್ನು ತಿದ್ದಿದ ಹಾಗೆ, ಆದರೆ ಸುಸ್ತಿಲ್ಲದೆ, ಬೆತ್ತವಿಲ್ಲದೆ. ಕಲಿತು ಮುಗಿದ ಮೇಲೆ ಉಸ್ತಾದರು, ಅಂದರೆ ಅಸಲು ಆಂಪ್, ಮನೆಗೆ ಹೋಗಬಹುದು. ಶಿಷ್ಯ ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಲೆಕ್ಕ ಮಾಡುತ್ತಾ ಆ ದನಿ ಕೊಡುತ್ತಲೇ ಇರುತ್ತಾನೆ. ಆ ಲೆಕ್ಕಕ್ಕೆ ಕೆಲವು ಮಿಲಿಸೆಕೆಂಡು ತಡವಾಗುತ್ತದೆ ಎಂದು ದೂರುವವರಿದ್ದಾರೆ. ಮೂರು ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಸಾಗುವುದು ಸುಮಾರು ಒಂದು ಮೀಟರ್. ಆಂಪಿನಿಂದ ಒಂದು ಹೆಜ್ಜೆ ದೂರ ನಿಂತರೂ ಅಷ್ಟೇ ತಡ.

ಇದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಪರಿಚಿತವಾದದ್ದು: ‘ಎಷ್ಟಾದರೂ ಅದು ಸುಳ್ಳು, ಅದರಲ್ಲಿ ಜೀವವಿಲ್ಲ.’ ಈ ಆಕ್ಷೇಪವನ್ನು ಗೌರವದಿಂದಲೇ ಪರೀಕ್ಷಿಸಬೇಕು. ಏಕೆಂದರೆ ಅಸಲು ಎಂದು ನಾವು ಬೆರಳು ತೋರಿಸುವ ವಸ್ತುವನ್ನು ಸ್ವಲ್ಪ ಕೆದಕಿದರೆ ಅದರ ಅಡಿಯಲ್ಲಿ ಇನ್ನೊಂದು ನಕಲು ಸಿಗುತ್ತದೆ.

ಫೆಂಡರ್ ಕಂಪೆನಿ 1952ರಲ್ಲಿ ಬೇಸ್‌ಗಾಗಿ ‘ಬೇಸ್‌ಮನ್’ ಎಂಬ ಆಂಪ್ ತಂದಿತು. ಅದರಂಥ ಆಂಪುಗಳ ಒಳಗಿನ ಸರ್ಕ್ಯೂಟುಗಳಿಗೆ ಆಧಾರ, ವಾಲ್ವ್ ತಯಾರಿಸುವ ಕಂಪೆನಿಗಳು ತಮ್ಮ ಕೈಪಿಡಿಗಳಲ್ಲಿ ಅಚ್ಚು ಹಾಕಿ ಹಂಚಿದ್ದ ಮಾದರಿ ನಕ್ಷೆಗಳು. ಮುಂದೆ 1962ರ ಹೊತ್ತಿಗೆ ಲಂಡನ್ನಿನ ಅಂಗಡಿಕಾರ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಅದೇ ಬೇಸ್‌ಮನ್‌ನ ಸರ್ಕ್ಯೂಟನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡು ತಮ್ಮ ಮೊದಲ ಆಂಪ್ ಮಾಡಿದರು. ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳನ್ನು ಬಳಸಿದ್ದರಿಂದ ದನಿ ಬೇರೆಯಾಯಿತು. ಅದು ರಾಕ್ ಸಂಗೀತದ ಗಿಟಾರಿನ ದನಿಯೇ ಆಗಿಬಿಟ್ಟಿತು. ಇಂದು ಡಿಜಿಟಲ್ ಪೆಟ್ಟಿಗೆಗಳು ಫೆಂಡರನ್ನೂ ಮಾರ್ಷಲನ್ನೂ ಎರಡು ಅಸಲುಗಳೆಂದು ಬೇರೆಬೇರೆಯಾಗಿ ನಕಲು ಮಾಡುತ್ತವೆ. ಅಜ್ಜ, ಮಗ, ಮೊಮ್ಮಗ ಎಲ್ಲರೂ ಒಂದೇ ಪಟ್ಟಿಯಲ್ಲಿ. ಇಲ್ಲಿ ಯಾರನ್ನು ಅಸಲು ಎನ್ನೋಣ?

ಇನ್ನೊಂದು ವಿಚಿತ್ರ ನೋಡಿ. ಹಳೆಯ ಎಂಜಿನಿಯರುಗಳು ಹಗಲಿರುಳು ದುಡಿದದ್ದು ತಮ್ಮ ಯಂತ್ರದ ದೋಷ ಕಳೆಯಲು. ಹೆಚ್ಚು ಜೋರು ಕೊಟ್ಟಾಗ ವಾಲ್ವ್ ತಾಳಲಾರದೆ ಸ್ವರ ಒಡೆಯುತ್ತದೆ. ಎವೆರೆಟ್ ಹಲ್ ಅವರಿಗೆ ರಾಕ್ ಸಂಗೀತವೂ ಹಿಡಿಸುತ್ತಿರಲಿಲ್ಲ, ಸ್ವರ ಒಡೆಯುವುದೂ ಹಿಡಿಸುತ್ತಿರಲಿಲ್ಲ. ಇಂದಿನ ಎಂಜಿನಿಯರುಗಳು ಹಗಲಿರುಳು ದುಡಿಯುವುದು ಅದೇ ಒಡಕನ್ನು ಕರಾರುವಾಕ್ಕಾಗಿ ಹಿಡಿಯಲು. ಸ್ಪೀಕರಿನ ಗುಣವನ್ನು ನಕಲು ಮಾಡುವುದು ಸುಲಭ. ವಾಲ್ವಿನ ಸುಸ್ತು, ಒದ್ದಾಟ, ಬಿರುಕು ಇವುಗಳನ್ನು ನಕಲು ಮಾಡುವುದೇ ಕಷ್ಟ. ಯಂತ್ರವಾಗಲಿ ಮನುಷ್ಯನಾಗಲಿ, ಅವನದೇ ಎನಿಸುವ ಗುರುತು ಇರುವುದು ಅವನ ಪರಿಪೂರ್ಣತೆಯಲ್ಲಿ ಅಲ್ಲ, ಅವನು ಎಲ್ಲಿ ಸೋಲುತ್ತಾನೋ ಅಲ್ಲಿ. ಕಥೆ ಬರೆಯುವ ನಮಗೆ ಇದು ಹೊಸ ಮಾತಲ್ಲ. ಪಾತ್ರದ ಸದ್ಗುಣಗಳ ಪಟ್ಟಿ ಕೊಟ್ಟರೆ ಓದುಗನಿಗೆ ಅವನು ಕಾಣುವುದಿಲ್ಲ, ಅವನ ಒಂದು ದೌರ್ಬಲ್ಯ ಹೇಳಿದರೆ ಎದುರು ಬಂದು ಕೂರುತ್ತಾನೆ.

ಮೂರನೆಯ ಸಂಗತಿ ಎಲ್ಲಕ್ಕಿಂತ ದೊಡ್ಡದು. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಹಾಡುಗಳು 1960ರ ದಶಕದಲ್ಲಿ ಜಗತ್ತನ್ನೇ ಕುಣಿಸಿದವು. ಅವುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ವಾದಕರು. ಆ ದನಿಗಾಗಿ ಇಂದಿಗೂ ಜನ ಆಂಪೆಗ್ ಬಿ-15ರ ನಕಲನ್ನು ಹುಡುಕುತ್ತಾರೆ. ಜೇಮರ್ಸನ್ ಕ್ಲಬ್ಬುಗಳಲ್ಲಿ ಬಿ-15 ಬಳಸುತ್ತಿದ್ದದ್ದು ನಿಜ. ಆದರೆ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ಗಿಟಾರನ್ನು ಸಾಮಾನ್ಯವಾಗಿ ನೇರವಾಗಿ ಮುದ್ರಣದ ಮೇಜಿಗೇ ಜೋಡಿಸುತ್ತಿದ್ದರು, ನಡುವೆ ಮೈಕಿನ ಮುಂದಿಟ್ಟ ಆಂಪ್ ಇರುತ್ತಿರಲಿಲ್ಲ. ಅಂದರೆ ಯಾವ ಆಂಪಿನದೆಂದು ನಾವು ಆರಾಧಿಸುತ್ತೇವೋ ಆ ದನಿಯಲ್ಲಿ ಬಹಳಷ್ಟು ಸಲ ಆಂಪೇ ಇರಲಿಲ್ಲ. ಇದ್ದದ್ದು 1962ರ ಒಂದು ಫೆಂಡರ್ ಬೇಸ್, ವರ್ಷಗಟ್ಟಲೆ ಬದಲಿಸದ ಹಳೆಯ ತಂತಿಗಳು, ಮತ್ತು ಬಲಗೈಯ ತೋರುಬೆರಳು. ಅವರು ಆ ಒಂದೇ ಬೆರಳಿನಿಂದ ಮೀಟುತ್ತಿದ್ದರು. ಸಂಗಡಿಗರು ಆ ಬೆರಳಿಗೆ ‘ಹುಕ್’, ಅಂದರೆ ಕೊಕ್ಕೆ ಎಂದು ಹೆಸರಿಟ್ಟಿದ್ದರು.

ಹಾಗಾದರೆ ‘ನಕಲಿನ ದನಿಯಲ್ಲಿ ಜೀವವಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಜೀವ ಆಂಪಿನಲ್ಲೂ ಇರಲಿಲ್ಲ, ಬೆರಳಿನಲ್ಲಿ ಇತ್ತು. ಅದು ಅಸಲು ವಾಲ್ವಿನಿಂದ ಹೊರಟರೂ ಜೇಮರ್ಸನ್ನರದೇ, ಪ್ರೋಗ್ರಾಮಿನಿಂದ ಹೊರಟರೂ ಜೇಮರ್ಸನ್ನರದೇ. ಬೆರಳು ಪಳಗದವನಿಗೆ ಲಕ್ಷ ರೂಪಾಯಿಯ ಅಸಲು ಆಂಪು ಕೊಟ್ಟರೂ ಅದು ಅವನ ಅರೆಬರೆ ಸ್ವರವನ್ನೇ ನಾಲ್ಕು ಬೀದಿಗೆ ಕೇಳಿಸುತ್ತದೆ.

ಯಂತ್ರದ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದು ನ್ಯಾಯದ ಮಾತು. ಹಳೆಯ ಎಸ್‌ವಿಟಿ ಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ಕೊಂಡರೂ ಇಡಲು ಮನೆ, ಸಾಗಿಸಲು ವಾಹನ, ಜೋರಾಗಿ ನುಡಿಸಲು ನೆರೆಹೊರೆಯವರ ತಾಳ್ಮೆ ಬೇಕು. ಇಂದು ಇಂಥ ದನಿಗಳನ್ನು ಹಿಡಿದಿಡುವ ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ಪ್ರೋಗ್ರಾಮು ಉಚಿತವಾಗಿ ಸಿಗುತ್ತದೆ. ಅದರ ಒಳಗುಟ್ಟನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಸಾಧಾರಣ ಕಂಪ್ಯೂಟರು, ಒಂದು ಜೊತೆ ಹೆಡ್‌ಫೋನು ಇದ್ದರೆ ಬಾಡಿಗೆ ಮನೆಯ ಹುಡುಗ ರಾತ್ರಿ ಹನ್ನೊಂದಕ್ಕೆ, ಮಲಗಿದ ಅಮ್ಮನನ್ನು ಎಬ್ಬಿಸದೆ ಅಭ್ಯಾಸ ಮಾಡಬಹುದು. ಒಂದು ಕಾಲದಲ್ಲಿ ಶ್ರೀಮಂತ ಸ್ಟುಡಿಯೋಗಳ ಬಾಗಿಲೊಳಗೆ ಮಾತ್ರ ಇದ್ದದ್ದು ಅವನ ಮಂಚದ ಮೇಲೆ ಬಂದಿದೆ. ಇದನ್ನು ಸುಳ್ಳು ಎಂದು ಹಳಿಯುವವರು ಅಚ್ಚಿನ ಪುಸ್ತಕ ಬಂದಾಗ ಕೈಬರಹದ ಹೊತ್ತಗೆಗಾಗಿ ಅತ್ತವರ ಸಾಲಿನಲ್ಲಿ ನಿಲ್ಲುತ್ತಾರೆ. ಹಮಾಲಿಯ ಬೆನ್ನಿನ ಭಾರ ಇಳಿಯಿತು ಎಂಬುದೂ ಸಣ್ಣ ಪುಣ್ಯವಲ್ಲ. ಬೆನ್ನಿನ ಭಾರದ ಜೊತೆ ಅವನ ಒಂದಷ್ಟು ಕೂಲಿಯೂ ಇಳಿಯಿತು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇಷ್ಟಾದ ಮೇಲೆ ಸಮಸ್ಯೆ ಎಲ್ಲಿದೆ? ದನಿಯಲ್ಲಿ ಇಲ್ಲ. ಹೆಸರಿನಲ್ಲಿದೆ.

ಈ ಪೆಟ್ಟಿಗೆಗಳ ಪಟ್ಟಿಯನ್ನು ಓದಿದರೆ ತಮಾಷೆ ಎನಿಸುತ್ತದೆ. ಲೈನ್ 6 ಕಂಪೆನಿ 2015ರಲ್ಲಿ ‘ಹೀಲಿಕ್ಸ್’ ಎಂಬ ದೊಡ್ಡ ಮಾಡೆಲರನ್ನು ತಂದಾಗ ಅದರಲ್ಲಿ ಎಸ್‌ವಿಟಿಗೆ ‘ಎಸ್‌ವಿ ಬೀಸ್ಟ್’ ಎಂದು ಹೆಸರಿತ್ತು. ನಕಲು ಮಾಡಿದ್ದಾರೆ, ಆದರೆ ಹೆಸರು ಹೇಳುವಂತಿಲ್ಲ. ಸರ್ಕ್ಯೂಟಿನ ಪೇಟೆಂಟು ಕೆಲವು ವರ್ಷಗಳಲ್ಲಿ ಮುಗಿದುಹೋಗುತ್ತದೆ, ದನಿಗೆ ಪೇಟೆಂಟೇ ಇಲ್ಲ, ಹೆಸರಿಗೆ ಮಾತ್ರ ಟ್ರೇಡ್‌ಮಾರ್ಕಿನ ಕಾವಲು. ಕಾನೂನು ಹೀಗೆ ಒಂದು ತಲೆಕೆಳಗಾದ ಸ್ಥಿತಿಯನ್ನು ತಂದಿಟ್ಟಿದೆ. ವಸ್ತುವನ್ನು ತೆಗೆದುಕೊಂಡರೆ ಅಡ್ಡಿಯಿಲ್ಲ, ಯಾರಿಂದ ತೆಗೆದುಕೊಂಡೆ ಎಂದು ಬಾಯಿಬಿಟ್ಟರೆ ತೊಂದರೆ. ಋಣವನ್ನು ಒಪ್ಪಿಕೊಳ್ಳುವುದೇ ಅಪಾಯ! ಕಂಪೆನಿಗಳು ಕೈಪಿಡಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಸಲಿನ ಹೆಸರು ಹೇಳಿ ಸಮಾಧಾನಪಟ್ಟುಕೊಂಡವು. ಇನ್ನೊಂದು ದಾರಿಯೂ ಇತ್ತು. ಇಟಲಿಯ ಐಕೆ ಮಲ್ಟಿಮೀಡಿಯಾ ಸಂಸ್ಥೆ ಆಂಪೆಗ್‌ನಿಂದ ಪರವಾನಗಿ ಪಡೆದು, ಅದರ ಹೆಸರಿನಲ್ಲೇ ಕಂಪ್ಯೂಟರ್ ಪ್ರೋಗ್ರಾಮು ತಂದಿತು. ಮುಂದೆ 2014ರಲ್ಲಿ ಲೈನ್ 6, 2018ರಲ್ಲಿ ಆಂಪೆಗ್ ಎರಡೂ ಜಪಾನಿನ ಯಮಾಹಾ ಕಂಪೆನಿಯ ಕೈಸೇರಿ ಅಸಲು-ನಕಲು ಒಂದೇ ಮನೆಯ ಮಕ್ಕಳಾದವು. ವ್ಯಾಪಾರಿಗಳ ನಡುವಿನ ಲೆಕ್ಕ ಹೀಗೆ ಹೇಗೋ ಚುಕ್ತಾ ಆಗುತ್ತದೆ. ಅದರ ಬಗ್ಗೆ ನಾವು ನಿದ್ದೆಗೆಡಬೇಕಿಲ್ಲ.

ನಿದ್ದೆ ಕೆಡಿಸಬೇಕಾದದ್ದು ಮನುಷ್ಯರ ಲೆಕ್ಕ. ಜೇಮರ್ಸನ್ ವಿಷಯಕ್ಕೆ ಮರಳೋಣ. ಮೋಟೌನಿನ ತಟ್ಟೆಗಳ ಮೇಲೆ ವರ್ಷಗಟ್ಟಲೆ ವಾದಕರ ಹೆಸರೇ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಮೊದಲ ಬಾರಿಗೆ ಹೊದಿಕೆಯ ಮೇಲೆ ವಾದಕರ ಹೆಸರುಗಳು ಬಂದವು, ಜೇಮರ್ಸನ್ ಹೆಸರಿನ ಜೊತೆ ಹೊಗಳಿಕೆಯ ಒಂದು ಮಾತೂ ಇತ್ತು. ಮರುವರ್ಷ ಕಂಪೆನಿ ಲಾಸ್ ಏಂಜಲೀಸಿಗೆ ಹೊರಟುಹೋಯಿತು. 1983ರಲ್ಲಿ ಮೋಟೌನಿನ ಇಪ್ಪತ್ತೈದು ವರ್ಷದ ಸಂಭ್ರಮ ನಡೆದಾಗ ಅವರಿಗೆ ಆಹ್ವಾನವಿರಲಿಲ್ಲ, ಟಿಕೆಟು ಕೊಂಡು ಪ್ರೇಕ್ಷಕರ ನಡುವೆ ಕೂತರು. ಅದೇ ವರ್ಷ ಆಗಸ್ಟಿನಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಅವರ ಪ್ರೀತಿಯ ಬೇಸ್ ಕಳುವಾಗಿತ್ತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ಇದು ದೂರದ ಡೆಟ್ರಾಯಿಟಿನ ಕಥೆ ಮಾತ್ರವಲ್ಲ. ನಮ್ಮ ಮನೆಗಳ ಹಳೆಯ ಕ್ಯಾಸೆಟ್ಟುಗಳನ್ನು ತೆಗೆದು ನೋಡಿ. ಹೊದಿಕೆಯ ಮೇಲೆ ನಟರ ಚಿತ್ರ, ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಸಾಹಿತಿಯ ಹೆಸರು ಇರುತ್ತವೆ. ಬೇಸ್ ಗಿಟಾರ್ ಮೀಟಿದವನ, ತಬಲಾ ಬಾರಿಸಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಅಸಲನ್ನು ಮುಚ್ಚುವ ಕೆಲಸ ಡಿಜಿಟಲ್ ಯಂತ್ರದಿಂದ ಶುರುವಾದದ್ದಲ್ಲ, ಅದು ಮನುಷ್ಯನ ಹಳೆಯ ಚಾಳಿ. ಯಂತ್ರ ಅದನ್ನು ಸುಲಭ ಮಾಡಿಕೊಟ್ಟಿತು, ಅಷ್ಟೆ.

ನಕಲಿಗೆ ಮರ್ಯಾದೆ ತಂದುಕೊಡುವ ದಾರಿ ಯಾವುದು? ಉರ್ದು ಕಾವ್ಯಲೋಕದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ‘ತರಹೀ ಮುಷಾಯಿರಾ’ ಎಂದರೆ ಹಳೆಯ ಕವಿಯೊಬ್ಬರ ಒಂದು ಸಾಲನ್ನು ಮೊದಲೇ ಎಲ್ಲರಿಗೂ ಕೊಡುತ್ತಾರೆ. ಬಂದ ಕವಿಗಳೆಲ್ಲ ಅದೇ ಛಂದಸ್ಸು, ಅದೇ ಪ್ರಾಸದ ಅಚ್ಚಿನಲ್ಲಿ ತಮ್ಮ ಗಜಲ್ ಕಟ್ಟಿ ಓದಬೇಕು. ಆ ಅಚ್ಚಿಗೆ ‘ಜಮೀನು’ ಎಂದೇ ಹೆಸರು. ಇನ್ನೊಬ್ಬರ ಜಮೀನಿನಲ್ಲಿ ಬೆಳೆ ತೆಗೆಯುವುದು ಅಲ್ಲಿ ಅವಮಾನವಲ್ಲ, ಪರೀಕ್ಷೆ. ಏಕೆಂದರೆ ಜಮೀನು ಯಾರದ್ದು ಎಂದು ಸಭೆಗೆಲ್ಲ ಗೊತ್ತಿದೆ. ಅದೇ ಸಂಪ್ರದಾಯದಲ್ಲಿ ‘ಸರ್ಕಾ’ ಎಂಬ ಇನ್ನೊಂದು ಮಾತಿದೆ, ಅದರ ಅರ್ಥ ಕಾವ್ಯದ ಕಳ್ಳತನ. ಎಷ್ಟೋ ಸಲ ಎರಡರಲ್ಲೂ ತೆಗೆದುಕೊಂಡದ್ದು ಅಷ್ಟೇ ಇರುತ್ತದೆ. ಒಂದರಲ್ಲಿ ಹೇಳಿ ತೆಗೆದುಕೊಂಡಿರುತ್ತಾರೆ, ಇನ್ನೊಂದರಲ್ಲಿ ಮುಚ್ಚಿಟ್ಟು. ನಮ್ಮ ಹಳ್ಳಿಗಳಿಗೆ ಬರುವ ಹಗಲುವೇಷದವರು ಪೊಲೀಸನ ನಕಲನ್ನೂ ಮಾಡುತ್ತಾರೆ, ದೇವರ ನಕಲನ್ನೂ ಮಾಡುತ್ತಾರೆ. ಯಾರೂ ಅವರನ್ನು ಮೋಸಗಾರರೆನ್ನುವುದಿಲ್ಲ, ಜೋಳ-ರಾಗಿ ಕೊಟ್ಟು ಕಳಿಸುತ್ತಾರೆ. ಅದೇ ಪೊಲೀಸ್ ವೇಷ ತೊಟ್ಟು ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿದವನು ಜೈಲಿಗೆ ಹೋಗುತ್ತಾನೆ.

ಆದರೆ ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು: ‘ಹೆಸರು ಹೇಳಿದರೆ ಮುಗಿಯಿತೇ? ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ?’ ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಬೇಸ್ ವಾದಕರಿಗೆ ಮಾಡೆಲರ್ ಬರುವ ಮೊದಲೇ ನಮ್ಮ ಸಂಗೀತಕ್ಕೆ ಅಂಥದ್ದೇ ಪೆಟ್ಟಿಗೆ ಬಂದಿತ್ತು. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆಗಳು ಸಂಗೀತ ಕಲಿಯುವವರ ಮನೆಮನೆ ಸೇರಿದವು. ಈಗ ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಅದರಿಂದ ಬಡ ವಿದ್ಯಾರ್ಥಿಗಳಿಗೆ ಆದ ಉಪಕಾರ ದೊಡ್ಡದು.

ಆದರೆ ಅಸಲು ತಂಬೂರಿ ಹುಟ್ಟುವುದು ಎಲ್ಲಿ? ನಮ್ಮ ಗಡಿಯಾಚೆ, ಬೆಳಗಾವಿಯಿಂದ ರೈಲಿನಲ್ಲಿ ಕೆಲವೇ ಗಂಟೆ ದೂರದ ಮೀರಜಿನಲ್ಲಿ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿ, 1937ರಲ್ಲಿ ಮಣ್ಣಾದ ಊರದು. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲ್‌ಗಾರ್ ಮನೆತನದವರು ಅಲ್ಲಿ ತಲೆಮಾರುಗಳಿಂದ ಸೋರೆ ಬುರುಡೆ ಒಣಗಿಸಿ, ಮರ ಕೊರೆದು ತಂಬೂರಿ ಮಾಡುತ್ತಿದ್ದಾರೆ. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅಂದರೆ ಹೆಸರಿಗೆ ಕಾವಲು ಸಿಕ್ಕಿತು. ಆದರೆ ಮೊಬೈಲಿನಲ್ಲಿ ತಂಬೂರಿ ಕೇಳುವ ಹತ್ತು ಜನರಲ್ಲಿ ಒಬ್ಬರಾದರೂ ಅಸಲು ಕೊಳ್ಳದೆ ಹೋದರೆ ಆ ಕೈಗಳು ಬೇರೆ ಕೆಲಸ ಹುಡುಕಿಕೊಳ್ಳುತ್ತವೆ. ಆಮೇಲೆ ನಕಲು ಮಾಡಲಿಕ್ಕೂ ಹೊಸ ಅಸಲು ಇರುವುದಿಲ್ಲ. ಬೇರು ಒಣಗಿದ ಮೇಲೆ ಟೊಂಗೆ ಎಷ್ಟು ದಿನ ಹಸುರಾಗಿರುತ್ತದೆ?

ಹಾಗಾಗಿ ಋಣಕ್ಕೆ ಮೂರು ಮೆಟ್ಟಿಲುಗಳಿವೆ ಎಂದು ನಮಗೆ ತೋರುತ್ತದೆ. ಮಾಡಿದವನು ಕಾಲವಾಗಿ, ಅವನ ಕಂಪೆನಿ ಕೈಬದಲಾಗಿ, ಅವನ ಕೆಲಸ ಲೋಕದ ಸ್ವತ್ತಾಗಿದ್ದರೆ ಹೆಸರು ಹೇಳಿದರೆ ಸಾಕು. ಮಾಡುವವನು ಇನ್ನೂ ಬದುಕಿದ್ದು, ಅದೇ ಕೆಲಸದಿಂದ ಅನ್ನ ಉಣ್ಣುತ್ತಿದ್ದರೆ ಹೆಸರಿನ ಜೊತೆ ಪಾಲೂ ಸಲ್ಲಬೇಕು. ಇನ್ನು ನಕಲಾಗುತ್ತಿರುವುದು ಪೆಟ್ಟಿಗೆಯಲ್ಲ, ಮನುಷ್ಯನೇ ಆಗಿದ್ದರೆ ಹೆಸರು, ಪಾಲು ಎರಡಕ್ಕಿಂತ ಮೊದಲು ಅನುಮತಿ ಬೇಕು.

ಕೊನೆಯ ಮೆಟ್ಟಿಲು ಕಲ್ಪನೆಯ ಮಾತಲ್ಲ. ಆಂಪಿನ ದನಿಯನ್ನು ಕಲಿಯುವ ಯಂತ್ರಕ್ಕೂ ಗಂಟಲಿನ ದನಿಯನ್ನು ಕಲಿಯುವ ಯಂತ್ರಕ್ಕೂ ತತ್ವ ಒಂದೇ. ಅಸಲನ್ನು ಕೇಳು, ಹೋಲಿಸು, ತಿದ್ದಿಕೋ. 2024ರ ಜನವರಿಯಲ್ಲಿ ಎ.ಆರ್. ರಹಮಾನ್ ತಮಿಳಿನ ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿನಲ್ಲಿ ಕಾಲವಾಗಿದ್ದ ಇಬ್ಬರು ಗಾಯಕರ ದನಿಯನ್ನು ಮರಳಿ ತಂದರು. ಒಬ್ಬರು ಬಂಬಾ ಬಾಕ್ಯಾ, ಇನ್ನೊಬ್ಬರು ಶಾಹುಲ್ ಹಮೀದ್. ಜನ ಗಾಬರಿಯಾದರು. ಕುಟುಂಬದವರ ಅನುಮತಿ ಪಡೆದಿದ್ದೇವೆ, ಸಂಭಾವನೆ ಕೊಟ್ಟಿದ್ದೇವೆ ಎಂದು ರಹಮಾನ್ ಬಹಿರಂಗವಾಗಿ ತಿಳಿಸಿದರು. ಸತ್ತವರ ದನಿಯನ್ನು ಹಾಡಿಸಬೇಕೇ ಬೇಡವೇ ಎಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಜಾಗವಿದೆ. ಆದರೆ ಅಲ್ಲಿ ಅನುಮತಿ, ಹೆಸರು, ಪಾಲು ಮೂರೂ ಇದ್ದವು. ಈ ಮೂರೂ ಇಲ್ಲದೆ ಅದೇ ಕೆಲಸ ಮಾಡುವವರ ಕೈಗೂ ಇಂದು ಯಂತ್ರ ಸಿಕ್ಕಿದೆ. ನಾಳೆ ಒಬ್ಬ ಜೇಮರ್ಸನ್ನರ ತೋರುಬೆರಳನ್ನೇ ಕಲಿತುಕೊಳ್ಳುವ ಯಂತ್ರ ಬಂದರೆ ಅವರ ಮಕ್ಕಳನ್ನು ಯಾರು ಕೇಳುತ್ತಾರೆ? ಆಂಪಿನ ವಿಷಯದಲ್ಲೇ ಹೆಸರು ಹೇಳುವ ಅಭ್ಯಾಸ ಮಾಡಿಕೊಳ್ಳದ ಲೋಕ ಅಂದು ಇದ್ದಕ್ಕಿದ್ದಂತೆ ಸಜ್ಜನಿಕೆ ಕಲಿಯುತ್ತದೆಯೇ? ಸಣ್ಣ ಋಣವನ್ನು ನುಂಗಿ ರೂಢಿಯಾದ ಬಾಯಿ ದೊಡ್ಡದನ್ನೂ ನುಂಗುತ್ತದೆ.

ಬೇಸ್ ವಾದಕರ ಪೆಡಲುಗಳಲ್ಲಿ ಹಲವಕ್ಕೆ ‘ಬ್ಲೆಂಡ್’ ಎಂಬ ಒಂದು ತಿರುಗುಗುಂಡಿ ಇರುತ್ತದೆ. ಮಂದ್ರ ಸ್ವರವನ್ನು ಪೂರ್ತಿ ಯಂತ್ರದ ಕೈಗೆ ಕೊಟ್ಟು ಒಡೆದರೆ ಅದರ ಬುಡವೇ ತೆಳ್ಳಗಾಗಿಬಿಡುತ್ತದೆ, ಹಾಡಿಗೆ ಆಧಾರವಿಲ್ಲದಂತಾಗುತ್ತದೆ. ಆದ್ದರಿಂದ ಒಡೆದ ದನಿಯ ಜೊತೆಗೆ ತಂತಿಯಿಂದ ಬಂದ ಶುದ್ಧ ದನಿಯನ್ನೂ ಒಂದಷ್ಟು ಬೆರೆಸಿ ಕಳಿಸುತ್ತಾರೆ. ಎಷ್ಟು ಬಣ್ಣ ಹಾಕಿದರೂ ಅಡಿಯಲ್ಲಿ ಮೂಲ ಸ್ವರ ಕೇಳುತ್ತಿರಬೇಕು. ಇದು ವಾದ್ಯದವರು ಅನುಭವದಿಂದ ಕಂಡುಕೊಂಡ ಉಪಾಯ. ನೀತಿಯ ಉಪಾಯವೂ ಇದಕ್ಕಿಂತ ಬೇರೆಯಿರಲಾರದು.

ನಕಲು ಮಾಡಬೇಡಿ ಎಂದು ಯಾರಿಗೂ ಹೇಳುವಂತಿಲ್ಲ. ಮಗು ಮಾತು ಕಲಿಯುವುದು ನಕಲಿನಿಂದ, ಶಿಷ್ಯ ರಾಗ ಕಲಿಯುವುದು ನಕಲಿನಿಂದ, ನಾವು ಕಥೆ ಬರೆಯಲು ಕಲಿತದ್ದೂ ಹಿರಿಯರ ಕಥೆಗಳ ನೆರಳಿನಲ್ಲಿ. ಸಾಲ ಮಾಡದೆ ಯಾವ ಕಲೆಯೂ ಮನೆ ಕಟ್ಟಿಲ್ಲ. ಆದರೆ ಸಾಲವೆಂಬುದನ್ನು ಒಪ್ಪಿಕೊಂಡವನಿಗೂ ಸಾಲವೇ ಮಾಡಿಲ್ಲ ಎನ್ನುವವನಿಗೂ ವ್ಯತ್ಯಾಸವಿದೆ. ನಮ್ಮಲ್ಲಿ ಬಡ್ಡಿ ಬೇಡ ಎನ್ನುವವರಿದ್ದಾರೆ. ಅಸಲು ಬೇಡ ಎನ್ನುವವರನ್ನು ನಾವು ಎಲ್ಲೂ ಕಂಡಿಲ್ಲ.